ಕೈ ಎತ್ತಲು ಬರುತ್ತಿಲ್ಲ ಎಂದರೆ ಎಲ್ಲವೂ ಉಳುಕಲ್ಲ
ಓದುಗರ ಪ್ರಶ್ನೆ, ಮೂಳೆ ಡಾಕ್ಟರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಭುಜ, ಮೊಣಕೈ, ಮುಂಗೈ ನೋವಿನವೇ ಜಾಸ್ತಿ. ಟೊಮೆಟೊ ಬಾಕ್ಸ್ ಹೊರುವವರು ಬರೆದಿದ್ದಾರೆ, ಕಾಯಿ ಸುಲಿಯುವವರು ಬರೆದಿದ್ದಾರೆ, ಮಕ್ಕಳ ತಾಯಂದಿರೂ ಬರೆದಿದ್ದಾರೆ. ಹೆಚ್ಚಿನವರು "ಉಳುಕಿರಬೇಕು ಡಾಕ್ಟ್ರೇ" ಎಂದೇ ಶುರು ಮಾಡಿದ್ದಾರೆ. ನೋವು ಎಲ್ಲಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವ ಕೆಲಸಕ್ಕೆ ಕೈ ಬರುವುದಿಲ್ಲ ಎಂದು ಬರೆದವರಿಗೆ ಉತ್ತರ ಕೊಡುವುದು ನನಗೆ ಸುಲಭವಾಯಿತು. ಏಕೆಂದರೆ ತೊಂದರೆ ಯಾವುದೆಂದು ಗೊತ್ತಾಗುವುದು ಹೆಚ್ಚಾಗಿ ಅದರಿಂದಲೇ. ಪತ್ರ ಓದಿ ಹೇಳುವುದು ಕೈ ಮುಟ್ಟಿ ನೋಡಿ ಹೇಳಿದಂತಲ್ಲ, ಅದು ನೆನಪಿರಲಿ.

ಕೋಲಾರದ ಎಪಿಎಂಸಿಯಲ್ಲಿ ಹಮಾಲಿ ಕೆಲಸ. ವಯಸ್ಸು 46. ಮೂರು ವಾರದ ಹಿಂದೆ ಲಾರಿಗೆ ಟೊಮೆಟೊ ಲೋಡ್ ಮಾಡುವಾಗ ಜಾರಿ ಬಲ ಭುಜದ ಮೇಲೆ ಬಿದ್ದೆ. ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ ಅಂದರು. ನೋವಿನ ಇಂಜೆಕ್ಷನ್ ಹಾಕಿಸಿದೆ, ನೋವು ಕಮ್ಮಿ ಆಯಿತು. ಆದರೆ ಕೈ ತಾನಾಗಿ ಮೇಲೆ ಹೋಗಲ್ಲ. ಹೆಂಡತಿ ಹಿಡಿದು ಎತ್ತಿದರೆ ಪೂರ್ತಿ ಹೋಗುತ್ತೆ. ಇನ್ನೂ ಎಷ್ಟು ದಿನ ರೆಸ್ಟ್ ಬೇಕು?

ನಿಮ್ಮ ಕೊನೆಯ ಮಾತು ತುಂಬಾ ಮುಖ್ಯ. ಬೇರೆಯವರು ಎತ್ತಿದರೆ ಹೋಗುತ್ತೆ, ನೀವೇ ಎತ್ತಿದರೆ ಹೋಗಲ್ಲ. ಅಂದರೆ ಕೀಲು ಬಿಗಿದುಕೊಂಡಿಲ್ಲ, ಎತ್ತುವ ಸ್ನಾಯುವೇ ಕೆಲಸ ಮಾಡುತ್ತಿಲ್ಲ. ಭುಜದ ಗುಂಡನ್ನು ಸುತ್ತಲಿಂದ ನಾಲ್ಕು ಸ್ನಾಯುಗಳು ಹಿಡಿದುಕೊಂಡಿರುತ್ತವೆ, ಇವಕ್ಕೆ ರೊಟೇಟರ್ ಕಫ್ ಎನ್ನುತ್ತಾರೆ. ಇವು ಮೂಳೆಗೆ ಅಂಟುವ ಜಾಗದ ನಾರು, ವರ್ಷಗಟ್ಟಲೆ ತಲೆ ಮೇಲೆ ಭಾರ ಎತ್ತಿದವರಲ್ಲಿ, ಬಾವಿ ಹಗ್ಗ ರಾಟೆಗೆ ಉಜ್ಜಿ ಉಜ್ಜಿ ಸವೆದಂತೆ ಸವೆದಿರುತ್ತದೆ. ಒಂದು ಬಾಕ್ಸ್ 15 ಕೆ.ಜಿ., ದಿನಕ್ಕೆ ಎಷ್ಟು ಬಾಕ್ಸ್ ಎಂದು ನಿಮಗೇ ಗೊತ್ತು. ಅಂಥ ಭುಜ ಒಂದು ಸಲ ಜೋರಾಗಿ ನೆಲಕ್ಕೆ ಬಡಿದರೆ ಆ ನಾರು ಹರಿಯಬಹುದು. ಹರಿದ ನಾರು ಮಾಮೂಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. "ಮೂಳೆ ಸರಿ ಇದೆ" ಎಂದರೆ ಎಲ್ಲವೂ ಸರಿ ಇದೆ ಎಂದಲ್ಲ.

ಆದ್ದರಿಂದ ರೆಸ್ಟ್ ಎಷ್ಟು ದಿನ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ಈ ವಾರವೇ ಮೂಳೆ ತಜ್ಞರಿಗೆ ತೋರಿಸಿ, ಭುಜದ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕಾ ಎಂದು ಕೇಳಿ. ಕೆಲವೊಮ್ಮೆ ನರಕ್ಕೆ ಪೆಟ್ಟಾದರೂ ಕೈ ಹೀಗೇ ಬೀಳುತ್ತದೆ, ಅದನ್ನೂ ಅವರು ಪರೀಕ್ಷೆ ಮಾಡುತ್ತಾರೆ. ಬಿದ್ದು ಪೂರ್ತಿ ಹರಿದ ನಾರಿಗೆ ಹೊಲಿಗೆ ಹಾಕುವುದಿದ್ದರೆ ಮೊದಲ ಕೆಲವು ವಾರಗಳಲ್ಲಿ ಹಾಕುವುದೇ ಒಳ್ಳೆಯದು. ತಿಂಗಳುಗಟ್ಟಲೆ ಬಿಟ್ಟರೆ ಸ್ನಾಯು ಒಳಕ್ಕೆ ಸರಿದು ಸೊರಗಿ ಕೊಬ್ಬು ತುಂಬಿಕೊಳ್ಳುತ್ತದೆ, ಆಮೇಲೆ ಎಳೆದು ತಂದು ಹೊಲಿಯುವುದು ಕಷ್ಟ. ಅರೆಬರೆ ಹರಿದಿದ್ದರೆ ಹೆಚ್ಚಾಗಿ ಹೊಲಿಗೆ ಬೇಕಾಗುವುದಿಲ್ಲ, ಮೂರು ತಿಂಗಳ ಫಿಸಿಯೋಥೆರಪಿಯಲ್ಲಿ ಎಷ್ಟೋ ಜನ ಸರಿಹೋಗುತ್ತಾರೆ. ಆಪರೇಷನ್ ಆದರೆ ಭಾರ ಎತ್ತಲು ಸುಮಾರು ಆರು ತಿಂಗಳು ಬೇಕು. ದುಡಿಯುವ ಮನೆಗೆ ಇದು ಸಣ್ಣ ಮಾತಲ್ಲ, ನನಗೆ ಗೊತ್ತು. ನಿಮ್ಮೂರಿನ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಎಂದು ಅಲ್ಲೇ ವಿಚಾರಿಸಿ.

ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಮತ್ತೆ ಬಾಕ್ಸ್ ಎತ್ತಬೇಡಿ ಅಣ್ಣ. ನೋವು ಹೋಗಿದೆ, ಹರಿದದ್ದು ಹಾಗೇ ಇದೆ.

ಗೌರಿಬಿದನೂರು. ವಯಸ್ಸು 52. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬಿದ್ದಿಲ್ಲ, ಏನೂ ಇಲ್ಲ, ಆದರೂ ಐದು ತಿಂಗಳಿಂದ ಎಡ ಭುಜ ನೋವು. ಜಡೆ ಹಾಕಲು ಆಗಲ್ಲ, ರವಿಕೆ ತೋಳಿಗೆ ಕೈ ತೂರಿಸಲು ಆಗಲ್ಲ. ರಾತ್ರಿ ಆ ಮಗ್ಗುಲಿಗೆ ತಿರುಗಿದರೆ ಜೀವ ಹೋಗುತ್ತೆ. ಎಣ್ಣೆ ಹಚ್ಚಿ ಎಳೆಸುತ್ತಿದ್ದೇನೆ.

ಅಮ್ಮ, ಮೊದಲು ಆ ಎಳೆಸುವುದನ್ನು ನಿಲ್ಲಿಸಿ.

ಒಂದು ಸಣ್ಣ ಪರೀಕ್ಷೆ ಮಾಡಿ. ಎರಡೂ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಮುಂಗೈ ಮುಂದಕ್ಕೆ ಚಾಚಿ, ನಿಧಾನಕ್ಕೆ ಹೊರಗಡೆ ತಿರುಗಿಸಿ. ಬಲಗೈ ಹೋದಷ್ಟು ಎಡಗೈ ಹೋಗುತ್ತಿಲ್ಲವಾ? ಮಗಳು ಮೆಲ್ಲಗೆ ತಿರುಗಿಸಲು ನೋಡಿದರೂ ಅಲ್ಲೇ ತಡೆದು ನಿಲ್ಲುತ್ತದಾ? ಹಾಗಿದ್ದರೆ ಇದು ಫ್ರೋಜನ್ ಶೋಲ್ಡರ್ ಇರಬಹುದು. ಮೇಲಿನ ಹಮಾಲಿ ಅಣ್ಣನ ಕೈಗೂ ನಿಮ್ಮ ಕೈಗೂ ವ್ಯತ್ಯಾಸ ಇಲ್ಲೇ ಇದೆ. ಅವರ ಕೈಯನ್ನು ಇನ್ನೊಬ್ಬರು ಎತ್ತಬಹುದು, ನಿಮ್ಮದನ್ನು ಯಾರೂ ಎತ್ತಲು ಆಗುವುದಿಲ್ಲ. ಕೀಲಿನ ಸುತ್ತಲಿನ ಪೊರೆ ದಪ್ಪವಾಗಿ ಬಿಗಿದುಕೊಂಡಿರುತ್ತದೆ. 40ರಿಂದ 60 ವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಿಗೆ, ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಇರುವವರಿಗೆ ಇದು ಜಾಸ್ತಿ. ಸಕ್ಕರೆ ಇರುವ ಹತ್ತು ಜನರಲ್ಲಿ ಒಬ್ಬರಿಗಾದರೂ ಬರುತ್ತದೆ.

ಇದು ತಾನಾಗಿ ಸಡಿಲವಾಗುತ್ತದೆ, ಆದರೆ ಒಂದರಿಂದ ಮೂರು ವರ್ಷ ಹಿಡಿಯಬಹುದು. ಸಕ್ಕರೆ ಇದ್ದವರಿಗೆ ಇನ್ನೂ ನಿಧಾನ. ಮೊದಲ ತಿಂಗಳುಗಳಲ್ಲಿ, ನೋವು ಜೋರಾಗಿ ಇರುವಾಗ, ಕೀಲಿನೊಳಗೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಚೆನ್ನಾಗಿ ಅನುಕೂಲವಾಗುತ್ತದೆ. ನಿಮಗೆ ಸಕ್ಕರೆ ಇರುವುದರಿಂದ ಅದಾದ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಮೊದಲೇ ಡಾಕ್ಟರಿಗೆ ತಿಳಿಸಿ ದಿನಾ ಚೆಕ್ ಮಾಡಿಕೊಳ್ಳಿ. ಮನೆಯಲ್ಲಿ ಬಿಸಿನೀರಿನ ಶಾಖ ಕೊಟ್ಟು ವ್ಯಾಯಾಮ ಮಾಡಿ. ಬಲಗೈ ಮೇಜಿಗೆ ಊರಿ ಮುಂದಕ್ಕೆ ಬಾಗಿ, ಎಡಗೈ ಜೋತುಬಿಟ್ಟು ಸಣ್ಣ ಸುತ್ತು ತಿರುಗಿಸಿ. ಗೋಡೆ ಮೇಲೆ ಬೆರಳುಗಳಿಂದ ನಿಧಾನಕ್ಕೆ ಹತ್ತಿಸಿ. ಎಳೆದಂತೆ ಅನಿಸುವವರೆಗೆ ಸಾಕು, ಕಣ್ಣೀರು ಬರುವಷ್ಟು ಬೇಡ. ಮಲಗುವಾಗ ರಟ್ಟೆ ಕೆಳಗೆ ದಿಂಬು ಇಟ್ಟುಕೊಳ್ಳಿ.

ಎಡ ಭುಜ ಆದ್ದರಿಂದ ಇನ್ನೊಂದು ಮಾತು. ನಡೆಯುವಾಗ, ಮೆಟ್ಟಿಲು ಹತ್ತುವಾಗ ನೋವು ಬಂದು ಕೂತರೆ ಹೋಗುವುದು, ಜೊತೆಗೆ ಬೆವರು, ಎದೆ ಹಿಡಿದಂತಾಗುವುದು, ಉಸಿರು ಸಿಕ್ಕಿಕೊಳ್ಳುವುದು ಇದ್ದರೆ ಅದು ಭುಜದ ತೊಂದರೆ ಅಲ್ಲದಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ತಿಪಟೂರು ಹತ್ತಿರದ ಹಳ್ಳಿ. ಕಾಯಿ ಸುಲಿಯುವುದು, ಮನೆಯಲ್ಲಿ ಎರಡು ಹಸು ಕರೆಯುವುದು ನನ್ನ ಕೆಲಸ. ಬಲ ಮೊಣಕೈಯ ಹೊರಗಡೆ ಮೂಳೆ ಹತ್ತಿರ ಚುಚ್ಚುತ್ತೆ. ಕಾಫಿ ಲೋಟ ಎತ್ತಿದರೂ ನೋವು. ಟೆನಿಸ್ ಎಲ್ಬೋ ಅಂದರು. ನಾನು ಟೆನಿಸ್ ನೋಡಿಯೂ ಇಲ್ಲ. ಒಂದು ಇಂಜೆಕ್ಷನ್ ಹಾಕಿದರು, ಒಂದೂವರೆ ತಿಂಗಳು ಹಾಯಾಗಿದ್ದೆ, ಈಗ ಮತ್ತೆ ಶುರು. ಇನ್ನೊಂದು ಹಾಕಿಸಲೇ?

ಬೇಡ. 2004ರಲ್ಲಿ ಸಚಿನ್ ತೆಂಡೂಲ್ಕರ್‌ಗೆ ಬಂದಾಗ ಈ ಹೆಸರು ಮನೆಮನೆಗೂ ಗೊತ್ತಾಯಿತು, ಆದರೆ ಇದು ಹೆಚ್ಚಾಗಿ ಬರುವುದು ಕೈಯಲ್ಲಿ ಹಿಡಿದು, ತಿರುಚಿ, ಹಿಂಡಿ ಕೆಲಸ ಮಾಡುವವರಿಗೆ. ಮಣಿಕಟ್ಟನ್ನು ಮೇಲಕ್ಕೆ ಎತ್ತುವ ಸ್ನಾಯುಗಳೆಲ್ಲ ಮೊಣಕೈಯ ಹೊರಗಿನ ಆ ಮೂಳೆಗೇ ಅಂಟಿಕೊಂಡಿವೆ. ಅಂಟಿದ ಜಾಗ ಸವೆದಾಗ ನೋವು ಬರುತ್ತದೆ.

ಇಂಜೆಕ್ಷನ್ ವಿಷಯ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಕೇಳುವವರು ತುಂಬಾ ಜನ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಟೆನಿಸ್ ಎಲ್ಬೋ ಇದ್ದ 165 ಜನರ ಮೇಲೆ ಒಂದು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಸ್ಟೆರಾಯ್ಡ್ ಇಂಜೆಕ್ಷನ್ ಪಡೆದವರಲ್ಲಿ 54% ಜನರಿಗೆ ವರ್ಷದೊಳಗೆ ನೋವು ಮರಳಿತು. ಔಷಧಿ ಇಲ್ಲದ ಇಂಜೆಕ್ಷನ್ ಪಡೆದವರಲ್ಲಿ ಮರಳಿದ್ದು 12% ಜನರಿಗೆ ಮಾತ್ರ. ನಿಮಗೆ ಆಗಿರುವುದೂ ಅದೇ ಅಲ್ವಾ? ಭುಜ ಬಿಗಿದವರಿಗೆ ಒಳ್ಳೆಯದಾದ ಔಷಧಿಯೇ ಇಲ್ಲಿ ನಿಧಾನಕ್ಕೆ ಕೆಡುಕು ಮಾಡುತ್ತದೆ.

ಇದಕ್ಕೆ ವ್ಯಾಯಾಮವೇ ಮದ್ದು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಮುಂಗೈ ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಮಣಿಕಟ್ಟು ಮಾತ್ರ ಅಂಚಿನಿಂದ ಆಚೆ ಬರಲಿ. ಎಡಗೈ ಸಹಾಯದಿಂದ ಬಲಗೈಯನ್ನು ಮೇಲಕ್ಕೆತ್ತಿ, ಆಮೇಲೆ ಎಡಗೈ ಬಿಟ್ಟು, ಐದು ಎಣಿಸುತ್ತಾ ನಿಧಾನಕ್ಕೆ ಇಳಿಸಿ. 15 ಸಲ, ನಡುವೆ ಸ್ವಲ್ಪ ಬಿಟ್ಟು ಮೂರು ಸುತ್ತು, ದಿನಕ್ಕೊಮ್ಮೆ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ನೋವು ಜಾಸ್ತಿಯಾಗಿದ್ದರೆ ನೀರು ಕಮ್ಮಿ ಮಾಡಿ. ಮೂರು ತಿಂಗಳು ಬಿಡದೆ ಮಾಡಬೇಕು, ಎರಡು ವಾರ ಮಾಡಿ "ಏನೂ ಆಗಲಿಲ್ಲ" ಎಂದು ಬಿಡುವವರೇ ಜಾಸ್ತಿ. ಭಾರ ಎತ್ತುವಾಗ ಅಂಗೈ ಮೇಲಕ್ಕಿರಲಿ. ಹಾಲು ಕರೆಯುವಾಗ ಹೆಬ್ಬೆರಳು ಮಡಚಿ ಹಿಂಡದೆ ಪೂರ್ತಿ ಮುಷ್ಟಿಯಲ್ಲಿ ಕರೆಯಿರಿ, ಹಸುವಿನ ಮೊಲೆಗೂ ಅದೇ ಒಳ್ಳೆಯದು. ಸಾಧ್ಯವಾದರೆ ಸುಲಿಯುವ ಕೆಲಸವನ್ನು ಕೆಲವು ವಾರ ಮನೆಯಲ್ಲಿ ಬೇರೆಯವರಿಗೆ ಬಿಡಿ.

ನೋವು ಮೊಣಕೈಯ ಒಳಮಗ್ಗುಲಲ್ಲಿದ್ದು ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಅದು ನರದ ವಿಷಯ, ಇದೇ ವ್ಯಾಯಾಮ ಮಾಡುತ್ತಾ ಕೂರದೆ ತೋರಿಸಿ.

ಶಿಡ್ಲಘಟ್ಟ. ಎರಡು ವರ್ಷದ ಮಗಳನ್ನು ಆಟ ಆಡಿಸುತ್ತಾ ಅವಳ ಮಾವ ಕೈ ಹಿಡಿದು ಎತ್ತಿದ. ಅವತ್ತಿಂದ ಅಂತಲ್ಲ, ಆ ಕ್ಷಣದಿಂದಲೇ ಕೈ ಆಡಿಸಲಿಲ್ಲ. ಡಾಕ್ಟರು ಒಂದು ಸಲ ತಿರುಗಿಸಿದರು, ಹತ್ತು ನಿಮಿಷದಲ್ಲಿ ಬಿಸ್ಕತ್ತು ಹಿಡಿದಳು. ಮತ್ತೆ ಆಗುತ್ತಾ?

ಆಗಬಹುದು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಮೊಣಕೈಯ ಸಣ್ಣ ಮೂಳೆಯ ತಲೆ ಅದನ್ನು ಹಿಡಿದಿಟ್ಟ ನಾರಿನ ಪಟ್ಟಿಯಿಂದ ಸ್ವಲ್ಪ ಜಾರುತ್ತದೆ. ಐದಾರು ವರ್ಷಕ್ಕೆ ಪಟ್ಟಿ ಗಟ್ಟಿಯಾಗಿ ಈ ಭಯ ಹೋಗುತ್ತದೆ. ಅಲ್ಲಿಯವರೆಗೆ ಮುಂಗೈ ಹಿಡಿದು ಎತ್ತಬಾರದು, ಕಂಕುಳಿಗೆ ಕೈ ಹಾಕಿ ಎತ್ತಬೇಕು. ಮಾವನಿಗೂ ಹೇಳಿ, ಅಜ್ಜಿಗೂ ಹೇಳಿ. ಆದರೆ ಬಿದ್ದು ಊದಿಕೊಂಡ ಮೊಣಕೈ ಬೇರೆ, ಅದನ್ನು ಯಾರೂ ತಿರುಗಿಸಬಾರದು. ಮುಂದಿನ ಪತ್ರ ಅದರದ್ದೇ.

ಮುಳಬಾಗಿಲು. ಏಳು ವರ್ಷದ ಮೊಮ್ಮಗ ಹುಣಸೆ ಮರದಿಂದ ಬಿದ್ದ. ಮೊಣಕೈ ಊದಿತ್ತು. ಊರಿನಲ್ಲಿ ಬಿದಿರು ದಬ್ಬೆ ಇಟ್ಟು ಕಟ್ಟಿಸಿದೆವು. ರಾತ್ರಿಯೆಲ್ಲಾ ಅತ್ತ, ಬೆಳಿಗ್ಗೆ ಬೆರಳು ತಣ್ಣಗಿತ್ತು, ಕಟ್ಟು ಬಿಚ್ಚಿಸಿ ಆಸ್ಪತ್ರೆಗೆ ಓಡಿದೆವು. ಕೈ ಉಳಿಯಿತು. ಕಟ್ಟು ಹಾಕಿಸುವುದೇ ತಪ್ಪಾ?

ಬಿಚ್ಚಿಸಿದಿರಲ್ಲ, ಅದು ಆ ಹುಡುಗನ ಕೈ ಉಳಿಸಿತು.

ನಮ್ಮ ಕಡೆಯವರು ಗಡಿ ದಾಟಿ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರುವುದು ಹಳೆಯ ರೂಢಿ. ಆ ನಂಬಿಕೆಯನ್ನು ನಾನು ಹೀಯಾಳಿಸುವುದಿಲ್ಲ. ಇಲ್ಲಿ ಮುಖ್ಯವಾದದ್ದು ಕಟ್ಟಿದವರು ಯಾರು ಎನ್ನುವುದಲ್ಲ. ಆಸ್ಪತ್ರೆಯ ಪಿಒಪಿ (ಪ್ಲಾಸ್ಟರ್ ಕಟ್ಟು) ಬಿಗಿಯಾದರೂ ಇದೇ ಆಗುತ್ತದೆ. ಮಕ್ಕಳು ಕೈ ಊರಿ ಬಿದ್ದಾಗ ಮೊಣಕೈಯ ಸ್ವಲ್ಪ ಮೇಲೆ ಮೂಳೆ ಮುರಿಯುತ್ತದೆ. ಅದರ ಮುಂದೆಯೇ ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಮತ್ತು ನರ ಇವೆ. ಪೆಟ್ಟಾದ ಮೇಲೆ ಊತ ಒಂದೆರಡು ದಿನ ಏರುತ್ತಲೇ ಹೋಗುತ್ತದೆ, ಸುತ್ತ ಬಿಗಿಯಾದ ಕಟ್ಟು ಇದ್ದರೆ ಊತಕ್ಕೆ ಜಾಗವಿಲ್ಲದೆ ಒಳಗಿನ ಒತ್ತಡ ಏರಿ ಮುಂಗೈ ಸ್ನಾಯುಗಳಿಗೆ ರಕ್ತವೇ ಸಿಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಆಮೇಲೆ ಬೆರಳುಗಳು ಒಳಕ್ಕೆ ಮುದುಡಿ ಹಾಗೇ ಉಳಿದುಬಿಡುತ್ತವೆ. ಬಿಗಿ ಕಟ್ಟಿನಿಂದ ಹೀಗಾಗುತ್ತದೆ ಎಂದು ಜರ್ಮನಿಯ ರಿಚರ್ಡ್ ಫಾನ್ ವೋಕ್‌ಮನ್ 1881ರಲ್ಲೇ ಬರೆದಿದ್ದಾರೆ. ಇಷ್ಟು ವರ್ಷದ ಮೇಲೂ ಮಕ್ಕಳು ಕೈ ಕಳೆದುಕೊಳ್ಳುತ್ತಿರುವುದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಯಾವುದೇ ಕಟ್ಟು ಇರಲಿ, ಇವನ್ನು ನೋಡುತ್ತಿರಿ. ಕೈ ಎತ್ತರದಲ್ಲಿಟ್ಟು ಮಾತ್ರೆ ಕೊಟ್ಟರೂ ನೋವು ಏರುತ್ತಲೇ ಇರುವುದು. ಬೆರಳನ್ನು ನೀವು ಮೆಲ್ಲಗೆ ನೆಟ್ಟಗೆ ಮಾಡಿದರೆ ಮಗು ಚೀರುವುದು. ಜೋಮು, ಬೆರಳು ಬಿಳುಚುವುದು ಅಥವಾ ತಣ್ಣಗಾಗುವುದು. ಮೊದಲ ಎರಡು ಕಂಡರೇ ಸಾಕು, ಬೆರಳು ತಣ್ಣಗಾಗಲಿ ಎಂದು ಕಾಯಬಾರದು. ನಡುರಾತ್ರಿಯಾದರೂ ದಬ್ಬೆ ಕಟ್ಟು ಬಿಚ್ಚಿ, ಪಿಒಪಿ ಆದರೆ ಕತ್ತರಿಸಲು ಆಸ್ಪತ್ರೆಗೆ ಓಡಿ.

ಬಿದ್ದ ತಕ್ಷಣ ಮಾಡಬೇಕಾದದ್ದು ಇಷ್ಟೇ. ಕೈ ಹೇಗಿದೆಯೋ ಹಾಗೇ ಇಟ್ಟು, ಕೆಳಗೆ ರಟ್ಟು ಅಥವಾ ಮಡಚಿದ ಟವೆಲ್ ಕೊಟ್ಟು, ಸಡಿಲವಾಗಿ ಕಟ್ಟಿ. ಬಳೆ, ಉಂಗುರ, ಕೈದಾರ ತೆಗೆಯಿರಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ನೀವಬೇಡಿ, ಎಳೆಯಬೇಡಿ. 108ಕ್ಕೆ ಫೋನ್ ಮಾಡಿ.

ತುಮಕೂರು. ಕಬಡ್ಡಿ ಆಡುತ್ತೇನೆ, 19 ವರ್ಷ. ಎರಡು ಸಲ ಭುಜ ಜಾರಿದೆ. ಎರಡನೇ ಸಲ ಗೆಳೆಯರೇ ಎಳೆದು ಕೂರಿಸಿದರು. ಬೆಲ್ಟ್ ಹಾಕಿಕೊಂಡು ಆಡಬಹುದಾ?

ಬೆಲ್ಟ್ ನಂಬಿ ಆಡಬೇಡಪ್ಪ. ನಿನ್ನ ವಯಸ್ಸಿನಲ್ಲಿ ಒಮ್ಮೆ ಜಾರಿದ ಭುಜ ಮತ್ತೆ ಜಾರುವುದೇ ಜಾಸ್ತಿ, ಏಕೆಂದರೆ ಗುಂಡನ್ನು ಮುಂದಿನಿಂದ ತಡೆಯುವ ಅಂಚು ಕಿತ್ತುಬಂದಿರುತ್ತದೆ. ಪ್ರತಿ ಸಲ ಜಾರಿದಾಗಲೂ ಮೂಳೆ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಎಂಆರ್‌ಐ ಮಾಡಿಸು. ಆಟ ಮುಂದುವರಿಸಬೇಕು ಎಂದಿದ್ದರೆ ಸಣ್ಣ ತೂತಿನಿಂದ ದೂರ್ಬೀನು (ಕ್ಯಾಮೆರಾ ಇರುವ ಕೊಳವೆ) ಹಾಕಿ ಆ ಅಂಚನ್ನು ಹೊಲಿಯುವ ಆಪರೇಷನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡು. ಮೈದಾನದಲ್ಲಿ ಗೆಳೆಯರು ಎಳೆಯುವುದು ಬೇಡವೇ ಬೇಡ, ಜೊತೆಗೆ ಮೂಳೆ ಮುರಿದಿದ್ದರೆ ಎಳೆತಕ್ಕೆ ಅದು ಸರಿಯುತ್ತದೆ, ನರಕ್ಕೂ ಪೆಟ್ಟಾಗುತ್ತದೆ. ಈಗ ರಟ್ಟೆಯ ಹೊರಮಗ್ಗುಲಲ್ಲಿ ಮರಗಟ್ಟಿದ ಜಾಗ ಇದೆಯಾ ಎಂದು ಮುಟ್ಟಿ ನೋಡಿಕೋ, ಇದ್ದರೆ ಡಾಕ್ಟರಿಗೆ ಹೇಳಲೇಬೇಕು.

ಪಾವಗಡ. ತಂದೆಗೆ 63. ಬಿದ್ದಿಲ್ಲ. ಎರಡೂ ಮೊಣಕೈ ನೆಟ್ಟಗಾಗಲ್ಲ, ಕತ್ತು, ಸೊಂಟವೂ ಬಿಗಿ. ಕೊಳವೆಬಾವಿ ನೀರೇ ಕುಡಿದಿದ್ದು.

ಎರಡೂ ಕಡೆ ಒಂದೇ ತರಹ ಬಿಗಿದಿದ್ದರೆ, ಅದೂ ನಿಮ್ಮ ಸೀಮೆಯಲ್ಲಿ, ನೀರಿನಲ್ಲಿರುವ ಫ್ಲೋರೈಡ್ ಎಂಬ ಲವಣ ಮೂಳೆಗೆ ಸೇರಿದೆಯಾ ಎಂಬ ಅನುಮಾನ ಮೊದಲು ಬರುತ್ತದೆ. ಮುಂಗೈಯ ಎಕ್ಸ್‌ರೇ ತೆಗೆಸಿ. ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿ ಮೂಳೆಯಂತಾಗಿದ್ದರೆ ಅದರಲ್ಲಿ ಕಾಣುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ನೀರು ಪರೀಕ್ಷೆಗೆ ಕೊಡಿಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು, ಅಡುಗೆಗೆ ಎರಡಕ್ಕೂ ಶುದ್ಧೀಕರಣ ಘಟಕದ ನೀರು ಅಥವಾ ಮಳೆ ನೀರು ಬಳಸಿ. ತಂದೆಯ ಕೀಲು ಮೊದಲಿನಂತೆ ಆಗುವುದು ಕಷ್ಟ, ಆದರೆ ಮನೆಯಲ್ಲಿ ಬೆಳೆಯುವ ಮಕ್ಕಳಿದ್ದರೆ ನೀರು ಇವತ್ತೇ ಬದಲಾಯಿಸಿ.