ಜೋಡಿಸಿದ್ದು ಯಾರು? ಅದನ್ನು ಮೊದಲು ಹೇಳಿ

ಗೋಣಿಕೊಪ್ಪದ ಮಿತ್ರರಿಗೆ,

‘ಎಮ್ಯುಲೇಟರ್ ಒಳಗೆ ಸಾಧನಗಳು ಬಸ್‌ಗೆ ಸೇರುವ ಬಗೆ’ ಅನ್ನುವ ನಿಮ್ಮ ಲೇಖನ ತಲುಪಿತು. ಬಸ್ ಅಂದರೆ ಇಲ್ಲಿ ಕಂಪ್ಯೂಟರಿನ ಭಾಗಗಳು ಪರಸ್ಪರ ಮಾತಾಡುವ ಹಾದಿ. ಇರುವ ಕಂಪ್ಯೂಟರ್‌ನಲ್ಲೇ ಇಲ್ಲದ ಇನ್ನೊಂದು ಕಂಪ್ಯೂಟರನ್ನು ನಡೆಸುವ ಕ್ಯೂಎಮು ಅನ್ನುವ ಎಮ್ಯುಲೇಟರ್ ಬಗ್ಗೆ, ಅದೂ ಅದರ ಒಳಗಿನ ವಿನ್ಯಾಸದ ಬಗ್ಗೆ, ಕನ್ನಡದಲ್ಲಿ ಬರೆದಿದ್ದೀರಿ. ಸಂತೋಷ. ಕೈಯಲ್ಲಿ ಬಿಡಿಸಿದ ಚಿತ್ರವೂ ಚೆನ್ನಾಗಿದೆ. ಹೊಗಳಿಕೆ ಮುಗಿಯಿತು.

ನಿಮ್ಮ ಎರಡನೇ ಪುಟ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ವಿಷಯ ತಪ್ಪು ಅಂತಲ್ಲ. ಆ ಪುಟದಲ್ಲಿ ಯಾರೂ ಏನೂ ಮಾಡುವುದಿಲ್ಲ. ಎಲ್ಲವೂ ‘ಮಾಡಲಾಗುತ್ತದೆ’. ನಿಮ್ಮ ಸಾಲು ಹೀಗಿದೆ: ‘ಸಾಧನವನ್ನು ಬಸ್‌ಗೆ ಜೋಡಿಸಲಾಗುತ್ತದೆ. ಬಳಿಕ ಅದಕ್ಕೆ ವಿಳಾಸ ನೀಡಲಾಗುತ್ತದೆ.’

ಯಾರು ಜೋಡಿಸಿದ್ದು? ಯಾರು ನೀಡಿದ್ದು? ಬೇರೆ ಲೇಖನದಲ್ಲಾದರೆ ಸುಮ್ನೆ ತಿದ್ದಿ ಮುಂದೆ ಹೋಗುತ್ತಿದ್ದೆ. ನಿಮ್ಮ ವಿಷಯದಲ್ಲಿ ಇದನ್ನು ಬಿಟ್ಟರೆ ಹೇಳುವುದಕ್ಕೆ ಬೇರೇನೂ ಉಳಿಯುವುದಿಲ್ಲ.

ಮೊದಲ ವಾಕ್ಯ ನೋಡಿ. ಕ್ಯೂಎಮು ಶುರು ಮಾಡುವಾಗ ಬಳಕೆದಾರ ‘ಡಿವೈಸ್’ ಆಯ್ಕೆಯಲ್ಲಿ ಇ1000 ನೆಟ್‌ವರ್ಕ್ ಕಾರ್ಡ್ ಬೇಕು, ಅದು ಪಿಸಿಐ.0 (ಪಿಸಿಐ ಅಂದರೆ ಕಾರ್ಡ್‌ಗಳನ್ನು ಸೇರಿಸುವ ಒಂದು ಜಾತಿಯ ಬಸ್) ಬಸ್‌ನ 5ನೇ ಸ್ಲಾಟ್‌ನಲ್ಲಿ ಇರಲಿ ಅಂತ ಬರೆಯಬಹುದು. ಆಗ ಜೋಡಿಸಿದವನು ಬಳಕೆದಾರ. ಸ್ಲಾಟ್ ಹೇಳದೆ ಬಿಟ್ಟರೆ ಖಾಲಿ ಇರುವ ಮೊದಲ ಸ್ಲಾಟನ್ನು ಕ್ಯೂಎಮುವೇ ಆರಿಸುತ್ತದೆ. ಬಸ್ಸನ್ನೂ ಹೇಳದಿದ್ದರೆ ಆ ಜಾತಿಯ ಬಸ್ ಎಲ್ಲಿದೆ, ಜಾಗ ಇದೆಯಾ ಅಂತ ಬಸ್, ಸಾಧನಗಳನ್ನು ಜೋಡಿಸಿಟ್ಟ ತನ್ನ ಮರದಲ್ಲಿ ಹುಡುಕುತ್ತದೆ. ಸಿಗದಿದ್ದರೆ ‘ಈ ಸಾಧನಕ್ಕೆ ಪಿಸಿಐ ಬಸ್ ಸಿಗಲಿಲ್ಲ’ ಅಂತ ಹೇಳಿ ನಿಂತುಬಿಡುತ್ತದೆ. ಇನ್ನು ಕೆಲವು ಸಾಧನಗಳನ್ನು ಬಳಕೆದಾರ ಕೇಳಿಯೇ ಇರುವುದಿಲ್ಲ. ‘ಪಿಸಿ’ ಮಷೀನ್ ಆರಿಸಿದರೆ ಸೊನ್ನೆಯ ಸ್ಲಾಟ್‌ನಲ್ಲಿ ಐ440ಎಫ್‌ಎಕ್ಸ್ ಸೇತುವೆ, ಒಂದನೇ ಸ್ಲಾಟ್‌ನಲ್ಲಿ ಪಿಐಐಎಕ್ಸ್3 ಚಿಪ್ ಬಂದು ಕೂತಿರುತ್ತವೆ. ಕೂರಿಸಿದ್ದು ಆ ಮಷೀನಿನ ಬೋರ್ಡ್ ಕೋಡ್, ಅಂದರೆ ಅದರ ಮದರ್‌ಬೋರ್ಡನ್ನು ಕಟ್ಟುವ ಕೋಡ್. ಜೋಡಿಸುವವರು ಮೂವರಿದ್ದಾರೆ. ನಿಮ್ಮ ಒಂದು ‘ಲಾಗುತ್ತದೆ’ ಮೂವರನ್ನೂ ಮರೆಮಾಡಿತು.

ಎರಡನೇ ವಾಕ್ಯ ಇನ್ನೂ ಕಷ್ಟ. ‘ವಿಳಾಸ’ ಅಂದಿರಿ. ಯಾವ ವಿಳಾಸ? 5ನೇ ಸ್ಲಾಟ್ ಅನ್ನುವುದೂ ಒಂದು ವಿಳಾಸವೇ. ಒಂದು ಪಿಸಿಐ ಬಸ್‌ನಲ್ಲಿ 32 ಸ್ಲಾಟ್, ಒಂದೊಂದಕ್ಕೂ 8 ಫಂಕ್ಷನ್. ಅದರಲ್ಲಿ ಎಲ್ಲಿ ಅನ್ನುವುದು ಗೆಸ್ಟ್ (ಎಮ್ಯುಲೇಟರ್ ಒಳಗೆ ಓಡುವ ಕಂಪ್ಯೂಟರ್) ಏಳುವ ಮೊದಲೇ ತೀರ್ಮಾನ ಆಗಿರುತ್ತದೆ. ಆದರೆ ಆ ಕಾರ್ಡ್‌ನ ರಿಜಿಸ್ಟರ್‌ಗಳು, ಅಂದರೆ ಅದನ್ನು ನಡೆಸುವ ಸಣ್ಣ ಖಾನೆಗಳು, ಮೆಮೊರಿಯಲ್ಲಿ ಎಲ್ಲಿ ಕಾಣಬೇಕು ಅನ್ನುವುದು ಬೇರೆ ವಿಳಾಸ. ಇದನ್ನು ಬಳಕೆದಾರ ಕೊಡುವುದಿಲ್ಲ, ಕ್ಯೂಎಮುವೂ ಕೊಡುವುದಿಲ್ಲ. ಗೆಸ್ಟ್ ಒಳಗೆ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ, ಫರ್ಮ್‌ವೇರ್, ಕೊಡುತ್ತದೆ. ಅದು ಕಾರ್ಡ್‌ನ ಬೇಸ್ ಅಡ್ರೆಸ್ ರಿಜಿಸ್ಟರ್‌ಗೆ ಎಲ್ಲಾ ಬಿಟ್‌ಗಳಲ್ಲೂ 1 ಬರೆದು, ತಿರುಗಿ ಓದುತ್ತದೆ. ಕೆಳಗಿನ ಎಷ್ಟು ಬಿಟ್‌ಗಳು ಸೊನ್ನೆಯಾಗಿಯೇ ಉಳಿದವು ಅನ್ನುವುದರಿಂದ ಕಾರ್ಡ್‌ಗೆ ಎಷ್ಟು ಜಾಗ ಬೇಕು ಅಂತ ತಿಳಿಯುತ್ತದೆ. ಇ1000ರ ಮೊದಲ ರಿಜಿಸ್ಟರ್ 128 ಕಿಲೋಬೈಟ್ ಕೇಳುತ್ತದೆ. ಅಷ್ಟು ಜಾಗ ನೋಡಿ ವಿಳಾಸ ಬರೆದು, ಕಮಾಂಡ್ ರಿಜಿಸ್ಟರ್‌ನಲ್ಲಿ ಮೆಮೊರಿಯ ಬಿಟ್ ಹಾಕಿದ ಮೇಲೆಯೇ ಕ್ಯೂಎಮು ಆ ತುಂಡನ್ನು ಗೆಸ್ಟ್‌ನ ಮೆಮೊರಿ ನಕ್ಷೆಯಲ್ಲಿ ತೋರಿಸುತ್ತದೆ. ಇಡೀ ಲೇಖನದ ಹೂರಣ ಇಲ್ಲಿದೆ. ನೀವು ಇದಕ್ಕೆ ಕೊಟ್ಟಿದ್ದು ನಾಲ್ಕು ಪದ.

ಮುಂದಿನ ಸಾಲು: ‘ಆಪರೇಟಿಂಗ್ ಸಿಸ್ಟಂಗೆ ಸಾಧನ ತಾನಾಗಿಯೇ ಗೊತ್ತಾಗುತ್ತದೆ.’ ಏನೂ ತಾನಾಗಿ ಗೊತ್ತಾಗುವುದಿಲ್ಲ. ಗೆಸ್ಟ್ ಒಂದೊಂದು ಸ್ಲಾಟನ್ನೂ ತಟ್ಟಿ ನೋಡುತ್ತದೆ. ಹಳೆಯ ಪಿಸಿ ಪದ್ಧತಿಯಲ್ಲಿ ಸಿಎಫ್8 ಪೋರ್ಟ್‌ಗೆ ‘ಇಂಥ ಬಸ್, ಇಂಥ ಸ್ಲಾಟ್’ ಅಂತ ಬರೆದು, ಸಿಎಫ್‌ಸಿ ಪೋರ್ಟ್‌ನಿಂದ ಉತ್ತರ ಓದುತ್ತದೆ. ತಯಾರಕರ ಸಂಖ್ಯೆ ಇರಬೇಕಾದ ಜಾಗದಲ್ಲಿ ಬರೀ ಎಫ್‌ಗಳು ಬಂದರೆ ಅಲ್ಲಿ ಏನೂ ಇಲ್ಲ. 8086 ಬಂದರೆ ಇಂಟೆಲ್. ಇದನ್ನು ಬರೆದಿದ್ದರೆ ಪೊನ್ನಂಪೇಟೆಯ ಕಾಲೇಜು ಹುಡುಗಿ ಮನೆಯಲ್ಲೇ ಮಾಡಿ ನೋಡುತ್ತಿದ್ದಳು, ಅಲ್ವಾ?

ನಾನು ಕೆಲಸ ಕಲಿತಿದ್ದು ಮಡಿಕೇರಿಯ ಒಂದು ಸಣ್ಣ ವಾರಪತ್ರಿಕೆಯಲ್ಲಿ. ಪ್ರೂಫ್ ನೋಡುವ ಕೆಲಸ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಗ್ಯಾಲಿ ಓದಿ ಕಣ್ಣು ಉರಿಯುತ್ತಿತ್ತು. ನಮ್ಮ ಸಂಪಾದಕರಿಗೆ ಬೈಯುವ ಅಭ್ಯಾಸ ಇರಲಿಲ್ಲ. ಕೆಂಪು ಪೆನ್ಸಿಲಿನಲ್ಲಿ ವಾಕ್ಯದ ಪಕ್ಕ ‘ಯಾರು?’ ಅಂತ ಬರೆದು ವಾಪಸ್ ಕಳಿಸುತ್ತಿದ್ದರು. ಒಮ್ಮೆ ಸೋಮವಾರಪೇಟೆ ಕಡೆಯ ವರದಿಗಾರರೊಬ್ಬರು ‘ಬೀಟೆ ಮರಗಳನ್ನು ಕಡಿದು ಸಾಗಿಸಲಾಗಿದೆ’ ಅಂತ ಬರೆದಿದ್ದರು. ಕೆಂಪು ‘ಯಾರು?’ ಬಿತ್ತು. ವರದಿಗಾರರು ಆಫೀಸಿಗೇ ಬಂದರು. ಕಡಿಸಿದವರು ಯಾರು, ಲಾರಿ ಯಾರದ್ದು, ಎಲ್ಲ ಗೊತ್ತಿತ್ತು ಅವರಿಗೆ. ಬರೆಯಲು ಹೆದರಿಕೆ. ಸಂಪಾದಕರು ಅವರಿಗೆ ಕಾಫಿ ತರಿಸಿ ಕೊಟ್ಟು, ‘ಕಡಿದವರ ಹೆಸರು ಬರೆಯಲು ಆಗದಿದ್ದರೆ, ತಡೆಯಬೇಕಾಗಿದ್ದವರು ಅಂದು ಎಲ್ಲಿದ್ದರು ಅಂತ ಬರೆಯಿರಿ’ ಅಂದರು. ಆ ವಾರ ಪತ್ರಿಕೆ ಅಂಗಡಿಗಳಲ್ಲಿ ಬೇಗ ಖಾಲಿಯಾಯಿತು.

ಅವರಿಗೆ ಹೆದರಿಕೆಯಾದರೂ ಇತ್ತು. ನಿಮಗೆ ಪಿಐಐಎಕ್ಸ್3 ಕಂಡರೆ ಏನು ಹೆದರಿಕೆ? ಹಾಗಾಗಿ ನನಗೆ ಇರುವ ಅನುಮಾನ ಇನ್ನೊಂದು. ಕೆಲವು ಕಡೆ ಯಾರು ಮಾಡುತ್ತಾರೆ ಅನ್ನುವುದು ನಿಮಗೇ ಸ್ಪಷ್ಟ ಇಲ್ಲ. ನಿಮ್ಮ ಕರಿಮೆಣಸಿನ ಹೋಲಿಕೆ ಓದಿದ ಮೇಲೆ ಅನುಮಾನ ಜಾಸ್ತಿ ಆಯಿತು. ‘ಬಳ್ಳಿ ಸಿಲ್ವರ್ ಮರವನ್ನು ತಾನೇ ಹಿಡಿದು ಹಬ್ಬುವ ಹಾಗೆ ಸಾಧನ ಬಸ್ಸನ್ನು ಹಿಡಿಯುತ್ತದೆ’ ಅಂತ ಬರೆದಿದ್ದೀರಿ. ತೋಟದ ಮನೆಯಿಂದ ಬಂದವರು ನೀವು! ಮಳೆ ಹಿಡಿದಾಗ ಬಳ್ಳಿಯನ್ನು ಮರಕ್ಕೆ ಕಟ್ಟಿಸಲು ಆಳು ಸಿಗದೆ ನಿಮ್ಮ ಮನೆಯಲ್ಲಿ ಎಷ್ಟು ತಲೆಬಿಸಿ ಆಗುತ್ತದೆ ಅಂತ ನಿಮಗೆ ಗೊತ್ತಿಲ್ಲವಾ? ಕಟ್ಟದೆ ಬಿಟ್ಟ ಎಳೆ ಬಳ್ಳಿ ನೆಲದ ಮೇಲೆ ಹರಿಯುತ್ತದೆ. ಹೋಲಿಕೆ ಇಟ್ಟುಕೊಳ್ಳಿ, ಕಟ್ಟುವವರನ್ನೂ ಅದರೊಳಗೆ ತನ್ನಿ.

ಕಟ್ಟುವವರು ಕಾಣದೆ ಹೋದದ್ದರಿಂದಲೇ ನಿಮ್ಮ ‘ಸಿಸ್‌ಬಸ್’ ಪ್ಯಾರಾ ಕೆಟ್ಟಿದೆ. 2009ರಲ್ಲಿ ಕ್ಯೂಎಮುವಿಗೆ ಕ್ಯೂಡೆವ್ ಅನ್ನುವ ಸಾಧನಗಳ ಚೌಕಟ್ಟು ಬಂತು, ಸಾಧನದ ಕೆಳಗೆ ಬಸ್, ಬಸ್‌ನ ಕೆಳಗೆ ಸಾಧನ ಅಂತ ಮರ ಕಟ್ಟಿತು ಅಂದಿರಿ. ಸರಿ. ಸಿಸ್‌ಬಸ್ಸೂ ಪಿಸಿಐ ಹಾಗೇ ಇನ್ನೊಂದು ಬಸ್ ಅಂದಿರಿ. ಅಲ್ಲ. ಎಲ್ಲ ಸಾಧನವೂ ಯಾವುದಾದರೂ ಬಸ್ ಮೇಲೆ ಇರಲೇಬೇಕು ಅನ್ನುವ ಅಂದಿನ ನಿಯಮಕ್ಕೆ, ಎಲ್ಲೂ ಸೇರದವುಗಳನ್ನು ಇಡಲು ಮಾಡಿಕೊಂಡ ಜಾಗ ಅದು. ನಿಜವಾದ ಯಂತ್ರದಲ್ಲಿ ಆ ಹೆಸರಿನ ತಂತಿ ಇಲ್ಲ. ಸಿಸ್‌ಬಸ್ ಸಾಧನಗಳ ಮೆಮೊರಿ ವಿಳಾಸವನ್ನೂ ಇಂಟರಪ್ಟ್ ಗೆರೆಯನ್ನೂ (ಸಾಧನ ಪ್ರೊಸೆಸರನ್ನು ಕರೆಯುವ ಗೆರೆ) ಬೋರ್ಡ್ ಕೋಡ್ ಕೈಯಾರೆ ಹಾಕುತ್ತದೆ. ಆರ್ಮ್ ಪ್ರೊಸೆಸರ್‌ನ ‘ವರ್ಟ್’ ಮಷೀನಿನಲ್ಲಿ ಪಿಎಲ್011 ಸೀರಿಯಲ್ ಪೋರ್ಟ್ ಹೆಕ್ಸ್ 9000000ದಲ್ಲಿ ಇರುವುದು ಬೋರ್ಡ್ ಹಾಗೆ ಬರೆದದ್ದಕ್ಕೆ. ಗೆಸ್ಟ್ ಅದನ್ನು ತಟ್ಟಿ ಹುಡುಕಲಾರದು, ಯಾವ ಸಾಧನ ಎಲ್ಲಿದೆ ಅನ್ನುವ ಪಟ್ಟಿ, ಡಿವೈಸ್ ಟ್ರೀ, ಓದಿ ತಿಳಿಯಬೇಕು. ಪಿಸಿಐನಲ್ಲಿ ಗೆಸ್ಟ್ ತೀರ್ಮಾನಿಸುತ್ತದೆ, ಇಲ್ಲಿ ಬೋರ್ಡ್ ತೀರ್ಮಾನಿಸುತ್ತದೆ. ಚಿತ್ರದಲ್ಲಿ ಎರಡಕ್ಕೂ ಒಂದೇ ಬಾಣ ಹಾಕಿದ್ದೀರಿ.

ಕೊನೆಯ ಪುಟದ ಒಂದು ಸಾಲು ಹೇಳಿ ನಿಲ್ಲಿಸುತ್ತೇನೆ. ‘ಡಿವೈಸ್ ಡೆಲ್ ಕೊಟ್ಟರೆ ಸಾಧನವನ್ನು ತೆಗೆಯಲಾಗುತ್ತದೆ.’ ‘ಪಿಸಿ’ ಮಷೀನ್ ಓಡುತ್ತಿರುವಾಗ ಪಿಸಿಐ ಕಾರ್ಡ್‌ಗೆ ಈ ಆಜ್ಞೆ ಕೊಟ್ಟರೆ ಕ್ಯೂಎಮು ಮಾಡುವುದು ಒಂದು ವಿನಂತಿ ಮಾತ್ರ. ಗೆಸ್ಟ್ ಡ್ರೈವರನ್ನು ಬಿಡಿಸಿ, ಆಯಿತು ಅಂತ ಹೇಳಬೇಕು. ಆಗಲೇ ಕಾರ್ಡ್ ಹೋಗುತ್ತದೆ, ‘ಡಿವೈಸ್ ಡಿಲೀಟೆಡ್’ ಸುದ್ದಿ ಬರುತ್ತದೆ. ಒಳಗೆ ಕೇಳಿಸಿಕೊಳ್ಳುವ ಆಪರೇಟಿಂಗ್ ಸಿಸ್ಟಂ ಇಲ್ಲದಿದ್ದರೆ ಕಾರ್ಡ್ ಅಲ್ಲೇ ಇರುತ್ತದೆ.

ಪೀಠಿಕೆ, ಇತಿಹಾಸ, ಯುಎಸ್‌ಬಿ ಭಾಗ ನಾನು ಮುಟ್ಟಿಲ್ಲ. ಅವು ಹೇಗಾದರೂ ಇರಲಿ. ಎರಡನೇ ಪುಟವನ್ನು ಹೊಸದಾಗಿ ಬರೆಯಿರಿ, ಅಗತ್ಯ ಬಿದ್ದರೆ ನಾಲ್ಕು ಪುಟ ಆಗಲಿ. ಕಾರ್ಡ್ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಕ್ಯೂಎಮುವಿಗೆ ಆಜ್ಞೆ ಕೊಡುವ ಮಾನಿಟರ್‌ನಲ್ಲಿ ‘ಇನ್ಫೋ ಕ್ಯೂಟ್ರೀ’ ಕೊಟ್ಟರೆ ಏನು ಬರುತ್ತದೋ ಅದನ್ನೂ ಜೊತೆಗೆ ಕಳಿಸಿ, ಅಚ್ಚು ಹಾಕುತ್ತೇವೆ. ಕೊಡವರ ಕೈಲ್ ಮುಹೂರ್ತ ಹಬ್ಬಕ್ಕೆ ನಮ್ಮ ಪ್ರೆಸ್‌ನವರೆಲ್ಲ ಊರಿಗೆ ಹೋಗುತ್ತಾರೆ. ಅದಕ್ಕೂ ಮೊದಲು ಕೈಗೆ ಸಿಕ್ಕರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ,
ಮಡಿಕೇರಿ