ಲೆಗ್ಗಿಂಗ್ಸ್‌ನಿಂದ ಕಬಡ್ಡಿ ಚಡ್ಡಿವರೆಗೆ: ವ್ಯಾಯಾಮದ ಬಟ್ಟೆ ಮನೆಯಲ್ಲೇ ಹೊಲಿಯುವವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ್ದು. ಜಿಮ್ಮು, ಯೋಗ, ವಾಕಿಂಗು, ಆಟ, ಇವಕ್ಕೆ ಬೇಕಾದ ಬಟ್ಟೆಯನ್ನು ನಾವೇ ಹೊಲಿದುಕೊಳ್ಳಬಹುದಾ ಅಂತ. ಖಂಡಿತ ಹೊಲಿಯಬಹುದು. ಬ್ಲೌಸ್, ಚೂಡಿದಾರ್ ಹೊಲಿದು ಕೈ ಕುದುರಿದವರಿಗೆ ಇದೇನೂ ಕಷ್ಟ ಅಲ್ಲ. ಒಂದು ಅಭ್ಯಾಸ ಮಾತ್ರ ಬಿಡಬೇಕು. ಬ್ಲೌಸ್ ಬಟ್ಟೆ ಹಿಗ್ಗುವುದಿಲ್ಲ, ಅದಕ್ಕೇ ಮೈ ಅಳತೆಗಿಂತ ಸ್ವಲ್ಪ ಜಾಸ್ತಿ ಬಿಟ್ಟು ಕತ್ತರಿಸುತ್ತೇವೆ. ಹಿಗ್ಗುವ ಬಟ್ಟೆಯನ್ನು ಮೈ ಅಳತೆಗಿಂತ ಕಡಿಮೆ ಇಟ್ಟು ಕತ್ತರಿಸಬೇಕು. ಎಷ್ಟು ಕಡಿಮೆ ಅನ್ನೋದನ್ನು ಬಟ್ಟೆಯೇ ಹೇಳುತ್ತದೆ. ಮೈಗೆ ಅಂಟುವ ಬಟ್ಟೆಯ ಬಗ್ಗೆ ಇರುವ ಉತ್ತರಗಳು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ.

ಜಿಮ್‌ಗೆ ಲೆಗ್ಗಿಂಗ್ಸ್ ಹೊಲಿಯಬೇಕು ಅಂತ ಆಸೆ. ಯಾವ ಬಟ್ಟೆ ತಗೊಳ್ಳಲಿ? ಅಂಗಡಿಯಲ್ಲಿ ಎಲ್ಲದಕ್ಕೂ ಲೈಕ್ರಾ ಅಂತಲೇ ಹೇಳುತ್ತಾರೆ. ಅಳತೆ ಹೇಗೆ ಇಡಬೇಕು ಅಂತಲೂ ಹೇಳಿ. (ಓದುಗರು, ಮೈಸೂರು)

ಅಂಗಡಿಯವರು ಹೇಳೋದು ಸುಳ್ಳಲ್ಲ, ಹಿಗ್ಗುವ ಬಟ್ಟೆಗಳಲ್ಲಿ ಬಹುಪಾಲಿಗೆ ಲೈಕ್ರಾ ಎಳೆ ಸ್ವಲ್ಪ ಸೇರಿರುತ್ತದೆ. ನೀವು ಕೇಳಬೇಕಾದ್ದು, ಅದು ಯಾವುದರ ಜೊತೆ ಸೇರಿದೆ ಅಂತ. ಕಾಟನ್ ಲೈಕ್ರಾ ಮೆತ್ತಗೆ ಹಿತವಾಗಿರುತ್ತದೆ, ಆದರೆ ಬೆವರು ಕುಡಿದು ಒದ್ದೆಯಾಗೇ ಇರುತ್ತದೆ. ಮನೆಯಲ್ಲಿ ಯೋಗ ಮಾಡುವವರಿಗೆ ಅದೇ ಸಾಕು. ಜಿಮ್ಮಿಗೆ, ಓಟಕ್ಕೆ ನೈಲಾನ್ ಲೈಕ್ರಾ ಅಥವಾ ಪಾಲಿಯೆಸ್ಟರ್ ಲೈಕ್ರಾ ತಗೊಳ್ಳಿ, ಬೇಗ ಒಣಗುತ್ತವೆ. ಎರಡರಲ್ಲಿ ನೈಲಾನ್ ಮೈಗೆ ನುಣುಪು. ವಿಸ್ಕೋಸ್ ಲೈಕ್ರಾ, ಅಂದರೆ ಕುರ್ತಾ ಕೆಳಗೆ ಹಾಕುವ ತೆಳು ಲೆಗ್ಗಿಂಗ್ಸಿನ ಬಟ್ಟೆ, ವ್ಯಾಯಾಮಕ್ಕೆ ಬೇಡ. ಮಂಡಿ ಹತ್ತಿರ ಬೇಗ ಉಬ್ಬಿಕೊಂಡು ಜೋತು ಬೀಳುತ್ತದೆ.

ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬಟ್ಟೆಯನ್ನು ಒಂದು ಮಡಿಕೆ ಹಾಕಿ, ಮಡಿಕೆಯಲ್ಲಿ 4 ಇಂಚು ಹಿಡಿದು ಅಡ್ಡಕ್ಕೆ ಎಳೆಯಿರಿ. ಒದ್ದಾಡದೆ 6 ಇಂಚಿಗೆ ಬಂದರೆ ಅದು ಅರ್ಧದಷ್ಟು ಹಿಗ್ಗುವ ಬಟ್ಟೆ, ಲೆಗ್ಗಿಂಗ್ಸಿಗೆ ಅಷ್ಟಾದರೂ ಬೇಕು. ಆಮೇಲೆ ಕೈ ಬಿಟ್ಟು ನೋಡಿ. ಮತ್ತೆ 4 ಇಂಚಿಗೇ ವಾಪಸ್ ಬರಬೇಕು, ನಾಲ್ಕೂಕಾಲಿಗೆ ನಿಂತರೆ ಅದನ್ನು ಬಿಟ್ಟು ಬಿಡಿ. ಉದ್ದಕ್ಕೂ ಹಾಗೇ ಎಳೆದು ನೋಡಿ, ಎರಡೂ ಕಡೆ ಹಿಗ್ಗಿದರೆ ಅದು ಫೋರ್ ವೇ. ಮೂರನೆಯದು ಬಹಳ ಮುಖ್ಯ: ಬಟ್ಟೆಯನ್ನು ಎಳೆದು ಹಿಡಿದು, ಕೆಳಗೆ ಅಂಗಡಿಯ ಬಿಲ್ ಪುಸ್ತಕವೋ ಪೇಪರೋ ಇಟ್ಟು ನೋಡಿ. ಅಕ್ಷರ ಕಂಡರೆ, ನೀವು ಬಗ್ಗಿದಾಗ ಒಳಗಿನದೂ ಕಾಣುತ್ತದೆ. ಸಾಮಾನ್ಯವಾಗಿ 220ರಿಂದ 280 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅನ್ನುವ ಲೆಕ್ಕ) ತೂಕದ ಬಟ್ಟೆಯಲ್ಲಿ ಈ ತೊಂದರೆ ಬರುವುದಿಲ್ಲ. ಟೀ ಶರ್ಟಿಗೆ 140ರಿಂದ 180 ಸಾಕು.

ಈಗ ಅಳತೆ. ಸೊಂಟದ ಕೆಳಗೆ ಅಗಲವಾದ ಕಡೆ ಸುತ್ತಳತೆ 40 ಇಂಚು ಇದೆ ಅಂದುಕೊಳ್ಳಿ. ಅರ್ಧದಷ್ಟು ಹಿಗ್ಗುವ ಬಟ್ಟೆಯಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ, ಹೊಲಿದು ಮುಗಿದಾಗ 36 ಇಂಚು ಇರಬೇಕು. ತೊಡೆ, ಮೀನಖಂಡಕ್ಕೂ ಇದೇ ಲೆಕ್ಕ. ಉದ್ದವನ್ನು ಮಾತ್ರ ಹೀಗೆ ಕಡಿಮೆ ಮಾಡಬೇಡಿ, ಕೂತಾಗ ಹಿಂದಿನಿಂದ ಸೊಂಟಪಟ್ಟಿ ಕೆಳಗೆ ಜಾರುತ್ತದೆ. ಬಟ್ಟೆ ಜಾಸ್ತಿ ಹಿಗ್ಗುವ ಕಡೆ ಮೈಯ ಸುತ್ತ ಬರುವ ಹಾಗೆ ಪೇಪರ್ ಕಟಿಂಗ್ ಇಡಿ. 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಾದರೆ ಸಾಧಾರಣ ಮೈಕಟ್ಟಿನವರಿಗೆ ಒಂದೂಕಾಲು ಮೀಟರಿನಲ್ಲಿ ಪಟ್ಟಿ ಸಮೇತ ಆಗುತ್ತದೆ.

ನಿಮಗೆ ಚೆನ್ನಾಗಿ ಕೂರುವ ಹಳೇ ಲೆಗ್ಗಿಂಗ್ಸ್ ಇದ್ದರೆ ಒಂದು ಕಾಲನ್ನು ಇನ್ನೊಂದರೊಳಗೆ ತೂರಿಸಿ, ನ್ಯೂಸ್‌ಪೇಪರ್ ಮೇಲೆ ಹಾಸಿ ಗುರುತು ಹಾಕಿಕೊಳ್ಳಬಹುದು. ಹಿಂಭಾಗದ ಏರು, ಅಂದರೆ ತೊಡೆಸಂದಿನಿಂದ ಸೊಂಟದವರೆಗಿನ ಅಳತೆ, ಮುಂಭಾಗಕ್ಕಿಂತ ಜಾಸ್ತಿ ಇರುತ್ತದೆ, ಎರಡನ್ನೂ ಬೇರೆ ಬೇರೆ ಗುರುತು ಮಾಡಿ. ಅದನ್ನು ಸಮ ಮಾಡಿಬಿಟ್ಟರೆ ಬಗ್ಗಿದ ತಕ್ಷಣ ಬೆನ್ನು ಕಾಣುತ್ತದೆ.

ತೊಡೆಸಂದಿನಲ್ಲಿ ನಾಲ್ಕು ಹೊಲಿಗೆ ಒಂದೇ ಕಡೆ ಬಂದು ಸೇರುತ್ತವಲ್ಲ, ಅಲ್ಲಿ ಒಂದು ತುಂಡು ಸೇರಿಸಿ. ಗಸೆಟ್ ಅನ್ನುತ್ತಾರೆ. ಸುಮಾರು 7 ಇಂಚು ಉದ್ದ, ನಡುವೆ 3 ಇಂಚು ಅಗಲ, ಎರಡೂ ತುದಿ ಚೂಪಾಗಿ ಗಾಳಿಪಟದ ಆಕಾರದಲ್ಲಿ ಇರಲಿ. ಒಳಗೆ ಕಾಟನ್ ಬನಿಯನ್ ಬಟ್ಟೆಯ ಒಂದು ಪದರ ಕೊಡಿ. ಅಗ್ಗದ ಲೆಗ್ಗಿಂಗ್ಸ್ ಹರಿಯೋದು, ಬೇಡದ ಕಡೆ ಕಚ್ಚಿಕೊಳ್ಳೋದು ಬಹುಪಾಲು ಈ ತುಂಡು ಇಲ್ಲದ್ದಕ್ಕೇ. ಅಂಗೈಯಗಲದ ಬಟ್ಟೆ, ಅರ್ಧ ಗಂಟೆ ಕೆಲಸ. ದಯವಿಟ್ಟು ಬಿಡಬೇಡಿ.

ನನ್ನದು ಜಿಗ್‌ಜಾಗ್ ಇರುವ ಮೋಟರ್ ಮಿಷನ್. ಕಾಟನ್ ಚೆನ್ನಾಗಿ ಹೊಲಿಯುತ್ತದೆ, ಲೈಕ್ರಾ ಇಟ್ಟರೆ ಹೊಲಿಗೆ ತಪ್ಪುತ್ತದೆ. ಟೈಮಿಂಗ್ ಹೋಗಿದೆ, ಬಿಚ್ಚಬೇಕು ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. (ಓದುಗರು, ಶಿವಮೊಗ್ಗ)

ಬಿಚ್ಚಿಸುವ ಮುಂಚೆ ಸೂಜಿ ಬದಲಾಯಿಸಿ. ಕಾಟನ್‌ನಲ್ಲಿ ಸರಿಯಾಗಿ ಹೊಲಿಯುತ್ತಿದ್ದರೆ ಮಿಷನ್ನಿನ ಟೈಮಿಂಗ್, ಅಂದರೆ ಸೂಜಿಗೂ ಕೆಳಗಿನ ಕೊಕ್ಕೆಗೂ ಇರುವ ಹೊಂದಾಣಿಕೆ, ಹೋಗಿರುವುದು ಅಪರೂಪ.

ಒಳಗೆ ಏನಾಗುತ್ತದೆ ಅಂದರೆ, ಸೂಜಿ ಕೆಳಗೆ ಹೋಗಿ ಒಂದು ಚೂರು ಮೇಲೆ ಬಂದಾಗ ಅದರ ಹಿಂದೆ ದಾರ ಸಣ್ಣದಾಗಿ ಸಡಿಲ ಬಿದ್ದು ಕುಣಿಕೆ ಆಗುತ್ತದೆ. ಶಟಲ್ಲಿನ ಕೊಕ್ಕೆ ಬಂದು ಆ ಕುಣಿಕೆಯನ್ನು ಹಿಡಿದರೆ ಒಂದು ಹೊಲಿಗೆ. ಲೈಕ್ರಾ ಬಟ್ಟೆ ಸೂಜಿಯನ್ನು ಬಿಗಿಯಾಗಿ ಹಿಡಿದುಕೊಂಡು ಅದರ ಜೊತೆಗೇ ಮೇಲೆ ಏಳುತ್ತದೆ, ದಾರ ಸಡಿಲ ಆಗುವುದೇ ಇಲ್ಲ. ಕೊಕ್ಕೆ ಖಾಲಿ ಸುತ್ತಿ ಹೋಗುತ್ತದೆ. ಹೊಲಿಗೆ ತಪ್ಪೋದು ಅಲ್ಲಿ.

ಅದಕ್ಕೆ ಸ್ಟ್ರೆಚ್ ಸೂಜಿ ಅಂತಲೇ ಸಿಗುತ್ತದೆ, 11 ನಂಬರ್ ಕೇಳಿ, ಪ್ಯಾಕೆಟ್ ಮೇಲೆ 75/11 ಅಂತ ಇರುತ್ತದೆ. ದಪ್ಪ ಬಟ್ಟೆಗೆ 14, ಅಂದರೆ 90/14. ಇದರ ತುದಿ ಉರುಟಾಗಿರುತ್ತದೆ, ಎಳೆಯನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ ಒಳಗೆ ಹೋಗುತ್ತದೆ. ಕಣ್ಣಿನ ಹಿಂದಿನ ತಗ್ಗು ಕೂಡ ಕುಣಿಕೆ ಸರಿಯಾಗಿ ಬೀಳುವ ಹಾಗೆ ಮಾಡಿರುತ್ತಾರೆ. ಬಾಲ್ ಪಾಯಿಂಟ್ ಸೂಜಿ ಬನಿಯನ್ ಬಟ್ಟೆಗೆ ಚೆನ್ನ, ಲೈಕ್ರಾ ಜಾಸ್ತಿ ಇದ್ದರೆ ಸ್ಟ್ರೆಚ್ ಸೂಜಿಯೇ ಬೇಕು. ಮಾಮೂಲಿ ಚೂಪು ಸೂಜಿಯಲ್ಲಿ ಹೊಲಿದರೆ ಹೊಲಿಗೆ ಪಕ್ಕದಲ್ಲಿ ಸಣ್ಣ ಸಣ್ಣ ತೂತು ಬಿದ್ದು, ನಾಲ್ಕು ಸಲ ಒಗೆದ ಮೇಲೆ ಅವೇ ದೊಡ್ಡದಾಗುತ್ತವೆ.

ದಾರ ಪಾಲಿಯೆಸ್ಟರ್ ಇರಲಿ, ಕಾಟನ್ ದಾರ ಎಳೆತಕ್ಕೆ ತುಂಡಾಗುತ್ತದೆ. ಜೋಡಿಸುವ ಹೊಲಿಗೆಗೆ ಜಿಗ್‌ಜಾಗ್ ಅಗಲ 1, ಉದ್ದ 2.5 ಇಟ್ಟು ನೋಡಿ. ಅಂಚು ಮಡಚುವಾಗ ಅಗಲ 3ಕ್ಕೆ ಏರಿಸಿ. ಹೊಲಿದಾದ ಮೇಲೆ ಅಂಚು ಅಲೆ ಅಲೆಯಾಗಿ ಬಂದರೆ ಪ್ರೆಶರ್ ಫುಟ್ ಬಟ್ಟೆಯನ್ನು ಜೋರಾಗಿ ಒತ್ತುತ್ತಿದೆ ಅಂತ. ಹಳೇ ಮಿಷನ್ನುಗಳಲ್ಲಿ ಫುಟ್ಟಿನ ಕಂಬಿಯ ತಲೆಯ ಮೇಲೆ ತಿರುಪು ಇರುತ್ತದೆ, ಒಂದೆರಡು ಸುತ್ತು ಸಡಿಲ ಮಾಡಿ. ನಿಮ್ಮ ಮಿಷನ್ನಿನಲ್ಲಿ ಆ ತಿರುಪು ಇಲ್ಲದಿದ್ದರೆ ಬಟ್ಟೆಯ ಕೆಳಗೆ ಟಿಶ್ಯೂ ಪೇಪರಿನ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಗುಂಡುಸೂಜಿ ಬದಲು ಬಟ್ಟೆ ಒಣಗಿಸುವ ಸಣ್ಣ ಕ್ಲಿಪ್ ಹಾಕಿ.

ನಮ್ಮಲ್ಲಿರೋದು ಅಮ್ಮನ ಕಾಲದ ಕಾಲು ಮಿಷನ್, ನೇರ ಹೊಲಿಗೆ ಮಾತ್ರ. ಮಗಳು ಶಾಲೆಯ ಕಬಡ್ಡಿ ಟೀಮಿನಲ್ಲಿದ್ದಾಳೆ. ಚಡ್ಡಿ ತಿಂಗಳಿಗೊಂದು ಹರಿಯುತ್ತದೆ. (ಓದುಗರು, ಗದಗ ಜಿಲ್ಲೆ)

ಮಗಳು ಆಡುತ್ತಿದ್ದಾಳೆ ಅಂತ ಓದಿ ತುಂಬ ಖುಷಿಯಾಯಿತು. ಕಾಲು ಮಿಷನ್ ಈ ಕೆಲಸಕ್ಕೆ ಸಾಕು. ಕಬಡ್ಡಿ ಚಡ್ಡಿ ಮೈಗೆ ಅಂಟಿಕೊಳ್ಳಬೇಕಾಗಿಲ್ಲ, ಸಡಿಲವಾಗಿ ಗಟ್ಟಿಯಾಗಿ ಇರಬೇಕು. ಸ್ಪೋರ್ಟ್ಸ್ ಬಟ್ಟೆ ಮಾರುವವರ ಹತ್ತಿರ ಸೂಪರ್ ಪಾಲಿ ಅಂತ ಕೇಳಿ, ಟ್ರ್ಯಾಕ್ ಪ್ಯಾಂಟಿಗೆ ಬಳಸುವ ಬಟ್ಟೆ. ಸುತ್ತಳತೆಗಿಂತ 4ರಿಂದ 6 ಇಂಚು ಜಾಸ್ತಿ ಇಟ್ಟು ಕತ್ತರಿಸಿ. ಬಟ್ಟೆ ಸಡಿಲ ಇದ್ದರೆ ಹೊಲಿಗೆ ಮೇಲೆ ಎಳೆತ ಕಡಿಮೆ, ನೇರ ಹೊಲಿಗೆಯೂ ತಡೆಯುತ್ತದೆ.

ಹರಿಯೋದು ಎಲ್ಲಿ ಅಂತ ಹಳೇ ಚಡ್ಡಿ ತೆಗೆದು ನೋಡಿ, ನನಗೆ ಗೊತ್ತಿರುವ ಮಟ್ಟಿಗೆ ತೊಡೆಸಂದು ಮತ್ತು ಪಕ್ಕದ ಹೊಲಿಗೆ. ರೈಡ್ ಹೋದ ಹುಡುಗಿಯ ಕಾಲು ಹಿಡಿದಾಗ ಎದುರಿನವರ ಕೈಗೆ ಮೊದಲು ಸಿಗೋದು ಚಡ್ಡಿಯ ಅಂಚು. ಹಾಗಾಗಿ ಇಲ್ಲೂ ಗಸೆಟ್ ಹಾಕಿ, ಮೇಲೆ ಹೇಳಿದ್ದಕ್ಕಿಂತ ಸ್ವಲ್ಪ ಅಗಲವಾಗಿಯೇ. ತೊಡೆಸಂದಿನ ಹೊಲಿಗೆಯನ್ನು ಹೊಲಿಯುವಾಗ ಬಟ್ಟೆಯನ್ನು ಮುಂದೆ ಹಿಂದೆ ಎರಡೂ ಕಡೆ ಹಿಡಿದು ಸ್ವಲ್ಪವೇ ಎಳೆದುಕೊಂಡು ಹೊಲಿಯಿರಿ, ಮೇಲಿನ ದಾರದ ಬಿಗಿ ಸ್ವಲ್ಪ ಕಡಿಮೆ ಇರಲಿ, ಹೊಲಿಗೆ ಸಣ್ಣದಿರಲಿ. ಅದರ ಪಕ್ಕದಲ್ಲೇ ಒಂದು ನೂಲಿನಷ್ಟು (ಇಂಚಿನ ಎಂಟನೇ ಒಂದು ಭಾಗ) ಬಿಟ್ಟು ಎರಡನೇ ಹೊಲಿಗೆ ಹಾಕಿ. ಆಮೇಲೆ ಊರಿನ ಟೈಲರ್ ಹತ್ತಿರ ಓವರ್‌ಲಾಕ್ ಮಾಡಿಸಿ. ಸಣ್ಣ ಅಂಗಡಿಗಳಲ್ಲಿ ಮೂರು ದಾರದ ಮಿಷನ್ ಇರೋದೇ ಜಾಸ್ತಿ, ಅದು ಎಳೆ ಬಿಚ್ಚದ ಹಾಗೆ ಅಂಚು ಕಟ್ಟುತ್ತದೆ, ಜೋಡಣೆಯ ಬಲ ನಿಮ್ಮ ಎರಡು ಹೊಲಿಗೆಯಿಂದಲೇ ಬರಬೇಕು. ನಾಲ್ಕು ದಾರದ್ದು ಸಿಕ್ಕರೆ ಇನ್ನೂ ಒಳ್ಳೇದು.

ಸೊಂಟಕ್ಕೆ ಒಂದೂವರೆ ಇಂಚಿನ ಇಲಾಸ್ಟಿಕ್, ಜೊತೆಗೆ ಲಾಡಿ. ಲಾಡಿಯ ಗಂಟು ಒಳಗಡೆ ಬರಲಿ, ಹೊರಗೆ ನೇತಾಡಿದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಚಡ್ಡಿಯಲ್ಲಿ ಜೇಬು ಇಡಬೇಡಿ, ಅದಕ್ಕೂ ಇದೇ ಕಾರಣ.

ವಯಸ್ಸು 52. ಡಾಕ್ಟರ್ ದಿನಾ ನಡೆಯಿರಿ ಅಂದಿದ್ದಾರೆ. ಟೀ ಶರ್ಟು ಟ್ರ್ಯಾಕ್ ಪ್ಯಾಂಟಿನಲ್ಲಿ ಪಾರ್ಕಿಗೆ ಹೋಗಲು ಮುಜುಗರ. ಚೂಡಿದಾರ್‌ನಲ್ಲಿ ಸೆಖೆ, ತೊಡೆ ಉಜ್ಜಿ ಉರಿ. (ಓದುಗರು, ದಾವಣಗೆರೆ)

ಮುಜುಗರ ಬಿಡಿ ಅಂತ ನಾನು ಹೇಳುವುದಿಲ್ಲ. ನಿಮಗೆ ಒಪ್ಪುವ ಬಟ್ಟೆ ಇದ್ದರೆ ನೀವು ದಿನಾ ಮನೆಯಿಂದ ಹೊರಡುತ್ತೀರಿ, ಅದು ಮುಖ್ಯ. ಅಂಗಡಿಯವರು ನಿಮ್ಮಂಥವರನ್ನು ಮನಸ್ಸಿನಲ್ಲಿಟ್ಟು ವಾಕಿಂಗ್ ಬಟ್ಟೆ ಮಾಡೋದು ಬಹಳ ಕಡಿಮೆ, ಅದು ನನಗೆ ನಿಜವಾಗಿಯೂ ಬೇಜಾರಿನ ವಿಷಯ.

ಮೊದಲು ಉರಿಗೆ ಔಷಧಿ: ಒಳಗೆ ಹಾಕಲು ಮಂಡಿಗಿಂತ 4 ಇಂಚು ಮೇಲೆ ನಿಲ್ಲುವ ಮೆತ್ತನೆ ಚಡ್ಡಿ. ತೆಳುವಾದ ನೈಲಾನ್ ಲೈಕ್ರಾದಲ್ಲಿ ಹೊಲಿಯಿರಿ. ತೊಡೆಯ ಒಳಭಾಗದಲ್ಲಿ ಹೊಲಿಗೆಯೇ ಬರಬಾರದು. ಕಾಲಿನ ಜೋಡಣೆಯನ್ನು ಹಿಂದಕ್ಕೆ ಒಂದೆರಡು ಇಂಚು ಸರಿಸಿ ಕತ್ತರಿಸಿದರೆ ಉಜ್ಜುವ ಜಾಗ ನುಣುಪಾಗಿ ಉಳಿಯುತ್ತದೆ. ಕಾಲಿನ ಅಂಚಿಗೆ ಬಿಗಿ ಇಲಾಸ್ಟಿಕ್ ಬೇಡ, ಅದೇ ಬಟ್ಟೆಯ ಎರಡು ಇಂಚಿನ ಪಟ್ಟಿ ಸಾಕು.

ಮೇಲೆ ಮಂಡಿವರೆಗಿನ ಸಾದಾ ಕುರ್ತಾ, ಎರಡೂ ಪಕ್ಕ ಸೊಂಟದವರೆಗೆ ಸೀಳು. ಡ್ರೈ ಫಿಟ್ ಅಂತ ಸಣ್ಣ ಸಣ್ಣ ತೂತಿನ ಹಗುರ ಬಟ್ಟೆ ಸಿಗುತ್ತದೆ, ಚೆನ್ನಾಗಿ ಗಾಳಿ ಆಡುತ್ತದೆ. ಬೆನ್ನಿನ ಅಗಲ ಮಾಮೂಲಿಗಿಂತ ಒಂದು ಇಂಚು ಜಾಸ್ತಿ ಇಡಿ, ಕೈ ಬೀಸಿ ನಡೆಯುವಾಗ ಗೊತ್ತಾಗುತ್ತದೆ. ಫೋನಿನ ಜೇಬನ್ನು ಕುರ್ತಾಗೆ ಇಟ್ಟರೆ ಒಂದು ಪಕ್ಕ ಜಗ್ಗುತ್ತದೆ. ಮೇಲೆ ಹೇಳಿದ ಒಳಗಿನ ಚಡ್ಡಿಯ ತೊಡೆಯ ಹೊರಭಾಗಕ್ಕೆ, ಅದೇ ಬಟ್ಟೆಯಲ್ಲಿ 4 ಇಂಚು ಅಗಲ 7 ಇಂಚು ಉದ್ದದ ಜೇಬು ಹೊಲಿಯಿರಿ. ಸೀಳಿನೊಳಗಿಂದ ಕೈಗೆ ಸಿಗುತ್ತದೆ, ಓಡಾಡುವಾಗ ಕುಣಿಯುವುದಿಲ್ಲ.

ಸ್ಪೋರ್ಟ್ಸ್ ಬ್ರಾ ಮನೆಯಲ್ಲಿ ಹೊಲಿಯಬಹುದಾ? (ಓದುಗರು, ಬೆಂಗಳೂರು)

ಯೋಗಕ್ಕೆ, ನಡಿಗೆಗೆ ಹೊಲಿಯಬಹುದು. ಎದೆ ಭಾರ ಇದ್ದು ಓಡುವವರು ಮೊದಲ ಪ್ರಯತ್ನದಲ್ಲೇ ಇದನ್ನು ನಂಬಬೇಡಿ, ಅದಕ್ಕೆ ಅಂಗಡಿಯದ್ದೇ ಇರಲಿ. ಭಾರ ಹೊರೋದು ಹೆಚ್ಚಾಗಿ ಎದೆಯ ಕೆಳಗಿನ ಪಟ್ಟಿ, ಭುಜದ ಪಟ್ಟಿ ಅಲ್ಲ. ಅದಕ್ಕೇ ಕೆಳಪಟ್ಟಿಗೆ ಒಂದು ಇಂಚಿನ ಮೆತ್ತನೆ ಇಲಾಸ್ಟಿಕ್ ಹಾಕಿ, ಪಕ್ಕೆಯ ಸುತ್ತಳತೆಗಿಂತ ಹತ್ತನೇ ಒಂದು ಭಾಗ ಕಡಿಮೆ. ಆಳವಾಗಿ ಉಸಿರು ಎಳೆದು ನೋಡಿ, ಕಚ್ಚಿದರೆ ಸಡಿಲ ಮಾಡಿ. ಒಳಪದರಕ್ಕೆ ಪವರ್ ನೆಟ್ ಅನ್ನುವ ಬಲೆಯಂಥ ಬಟ್ಟೆ ಹಾಕಿ, ಅದು ಹಿಗ್ಗಿದರೂ ಬಿಗಿಯಾಗಿ ಹಿಡಿಯುತ್ತದೆ. ಭುಜದ ಪಟ್ಟಿಯ ಒಳಗೆ ಹಿಗ್ಗದ ತೆಳು ಟೇಪ್ ಸೇರಿಸಿ ಹೊಲಿಯಿರಿ, ಇಲ್ಲದಿದ್ದರೆ ಕುಣಿತ ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿದರೆ ದುಡ್ಡು ಉಳಿಯುತ್ತಾ? (ಓದುಗರು, ಹುಬ್ಬಳ್ಳಿ)

ಫುಟ್‌ಪಾತ್ ಬೆಲೆಗೆ ಹೋಲಿಸಿದರೆ ಉಳಿಯುವುದಿಲ್ಲ. ದೊಡ್ಡ ಬ್ರಾಂಡಿಗೆ ಹೋಲಿಸಿದರೆ ಚೆನ್ನಾಗಿಯೇ ಉಳಿಯುತ್ತದೆ, ಅದೂ ಬೆಂಗಳೂರಿನ ಚಿಕ್ಕಪೇಟೆಯಂಥ ಕಡೆ ಕಟ್ ಪೀಸ್ ಹುಡುಕಿದರೆ, ಇಲ್ಲವೇ ತಿರುಪ್ಪೂರಿನಿಂದ ಬರುವ ಮಿಕ್ಕ ಬಟ್ಟೆ ಕೆಜಿ ಲೆಕ್ಕದಲ್ಲಿ ಸಿಕ್ಕರೆ. ನನ್ನ ಪ್ರಕಾರ ನಿಜವಾದ ಲಾಭ ಅಳತೆಯದ್ದು. ಸೊಂಟ ಒಂದು ಸೈಜು ತೊಡೆ ಇನ್ನೊಂದು ಸೈಜು ಇರುವವರಿಗೆ, ಕುಳ್ಳಗಿರುವವರಿಗೆ, ತುಂಬ ದಪ್ಪ ಇರುವವರಿಗೆ ಅಂಗಡಿಯಲ್ಲಿ ಸರಿಯಾದ್ದು ಸಿಗೋದೇ ಕಷ್ಟ, ಅಲ್ವಾ?

ಎಷ್ಟು ಒಗೆದರೂ ಬೆವರಿನ ವಾಸನೆ ಹೋಗಲ್ಲ. ಇಲಾಸ್ಟಿಕ್ಕೂ ಬೇಗ ಸಡಿಲ ಆಗುತ್ತದೆ. (ಓದುಗರು, ಮಂಗಳೂರು)

ಪಾಲಿಯೆಸ್ಟರ್ ನೀರನ್ನು ಬಿಡುತ್ತದೆ, ಮೈಯ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ, ವಾಸನೆ ಬರೋದು ಅದರಿಂದ. ಬೆವರಿದ ಬಟ್ಟೆಯನ್ನು ಬ್ಯಾಗಿನಲ್ಲೇ ಮುದ್ದೆ ಮಾಡಿ ಇಡಬೇಡಿ, ಬಂದ ಕೂಡಲೇ ಜಾಲಾಡಿ. ಒಳಭಾಗ ಹೊರಗೆ ಮಾಡಿ ಒಗೆಯಿರಿ. ಬಟ್ಟೆ ಮೆತ್ತಗಾಗಲಿ ಅಂತ ಕೊನೆಯ ನೀರಿಗೆ ಹಾಕುವ ಸುವಾಸನೆಯ ದ್ರವ ಇದಕ್ಕೆ ಬೇಡವೇ ಬೇಡ, ಎಳೆಯ ಮೇಲೆ ಲೇಪ ಕೂತು ಬೆವರು ಹೀರುವ ಗುಣ ಕಡಿಮೆಯಾಗುತ್ತದೆ.

ಲೈಕ್ರಾ ಜಾತಿಯ ಎಳೆಯನ್ನು 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದರು, ಒಳಉಡುಪಿನ ರಬ್ಬರಿಗೆ ಬದಲಿಯಾಗಲಿ ಅಂತ. ರಬ್ಬರಿಗಿಂತ ಗಟ್ಟಿ ನಿಜ, ಆದರೆ ಬಿಸಿ, ಬ್ಲೀಚಿಂಗ್ ಪುಡಿ ಎರಡೂ ಅದಕ್ಕೆ ಆಗುವುದಿಲ್ಲ. ತಣ್ಣೀರಿನಲ್ಲಿ ಒಗೆದು, ಹಿಂಡದೆ, ನೆರಳಿನಲ್ಲಿ ಹಾಕಿ. ಇಸ್ತ್ರಿ ಬೇಡ. ಮಳೆಗಾಲದಲ್ಲಿ ನಿಮ್ಮ ಕಡೆ ದಿನಗಟ್ಟಲೆ ಬಿಸಿಲೇ ಇರಲ್ಲ, ಹಾಗಾಗಿ ಜೂನ್ ಬರುವ ಮುಂಚೆ ಇನ್ನೊಂದು ಜೊತೆ ಹೊಲಿದಿಟ್ಟುಕೊಳ್ಳಿ, ಫ್ಯಾನ್ ಕೆಳಗೆ ಒಣಗಲು ಬಿಟ್ಟರೆ ಒಂದು ರಾತ್ರಿ ಸಾಕು.