ಸೇನೆಯಲ್ಲಿ ಆಫೀಸರ್ ಅಲ್ಲದ ಮಹಿಳೆಯರಿಗೂ ದತ್ತು ರಜೆ ಸಿಗುತ್ತಾ? ಸಂಬಳ ಕಟ್ ಆಗುತ್ತಾ?

ನೀವು ಮಿಲಿಟರಿ ಪೊಲೀಸ್‌ನಲ್ಲಿ ಲ್ಯಾನ್ಸ್ ನಾಯಕ್, ಅಂದರೆ ಆಫೀಸರ್ ಅಲ್ಲದ ದರ್ಜೆ. ದತ್ತು ರಜೆ ಆಫೀಸರ್‌ಗಳಿಗೆ ಮಾತ್ರ ಅಂತ ಯಾರೋ ಹೇಳಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ಮೊದಲು ಹಾಗಿತ್ತು, ಈಗಿಲ್ಲ. 2023ರ ನವೆಂಬರ್‌ನಲ್ಲಿ ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಒಪ್ಪಿಗೆ ಕೊಟ್ಟರು. ಹೆರಿಗೆ ರಜೆ, ಮಕ್ಕಳ ಆರೈಕೆ ರಜೆ, ದತ್ತು ರಜೆ ಮೂರೂ ಮೂರು ಪಡೆಗಳ ಮಹಿಳಾ ಸೈನಿಕರಿಗೆ ಆಫೀಸರ್‌ಗಳಷ್ಟೇ ಸಿಗುವಂತಾಯಿತು.

ದತ್ತು ರಜೆ 180 ದಿನ. ಸಂಬಳ ಪೂರ್ತಿ ಬರುತ್ತದೆ, ಅದರ ಚಿಂತೆ ಬಿಡಿ.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ನಿಜವಾದ ತೊಡಕು ತಾರೀಕಿನದು. ಮಗುವಿಗೆ ಒಂದು ವರ್ಷ ತುಂಬಿರಬಾರದು, ಮತ್ತೆ ರಜೆ ಕೊಡೋದು ದತ್ತು ಕಾನೂನುಬದ್ಧವಾದ ದಿನದ ನಂತರ. ‘ಕಾರಾ’ ಅಂದರೆ ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ಅದರ ಮೂಲಕ ಹೋದರೆ ಮಗು ಮೊದಲು ಪೋಷಣೆಗೆ ಅಂತ ನಿಮ್ಮ ಮನೆಗೆ ಬರುತ್ತೆ. ದತ್ತಿನ ಅಂತಿಮ ಆದೇಶ ಆಮೇಲೆ. 2022ರ ಸೆಪ್ಟೆಂಬರ್‌ನಿಂದ ಅದನ್ನು ಕೊಡೋದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಹನ್ನೊಂದು ತಿಂಗಳ ಕೂಸು ಮನೆಗೆ ಬಂದರೆ, ಆದೇಶ ಕೈಸೇರುವ ಹೊತ್ತಿಗೆ ಅದಕ್ಕೆ ವರ್ಷ ದಾಟಿರಬಹುದು, ಅಲ್ವಾ? ಅದಕ್ಕೇ ಮಗು ಮನೆಗೆ ಬಂದ ದಿನವೇ ಪೋಷಣೆಯ ಕಾಗದದ ಪ್ರತಿ ಇಟ್ಟು ಅರ್ಜಿ ಕೊಡಿ. ಯಾವ ದಿನದಿಂದ ರಜೆ ಲೆಕ್ಕ ಅನ್ನೋದನ್ನು ಬರವಣಿಗೆಯಲ್ಲೇ ಕೇಳಿ. ಸುಬೇದಾರ್ ಸಾಹೇಬರು ಬಾಯಲ್ಲಿ ‘ಆಗುತ್ತೆ ಬಿಡಮ್ಮ’ ಅಂದಿದ್ದು ಲೆಕ್ಕಕ್ಕೆ ಬರೋದಿಲ್ಲ.

ಇನ್ನೊಂದು ವಿಷಯ. ಮಗುವಿನ ಫೋಟೋ, ವೈದ್ಯಕೀಯ ವರದಿ ಕಾರಾದಿಂದ ಆನ್‌ಲೈನ್‌ನಲ್ಲಿ ಬಂದ ಮೇಲೆ 48 ಗಂಟೆಯೊಳಗೆ ಆ ಮಗುವನ್ನು ನಿಮ್ಮ ಹೆಸರಿಗೆ ಕಾಯ್ದಿರಿಸಬೇಕು. ನೀವು ಡ್ಯೂಟಿಯಲ್ಲಿ ಫೋನ್ ಒಳಗಿಟ್ಟು ಹೋಗಿದ್ದರೆ ಏನು ಗತಿ? ಲಾಗಿನ್ ನಿಮ್ಮ ಯಜಮಾನರ ಹತ್ತಿರವೂ ಇರಲಿ.

ಒಂದೂವರೆ ವರ್ಷದ ಮಗು ಸಿಕ್ಕಿತು ಅಂದುಕೊಳ್ಳಿ. ದತ್ತು ರಜೆ ಇಲ್ಲ. ಆದರೆ ಮಕ್ಕಳ ಆರೈಕೆ ರಜೆ ಇದೆ. ಇಡೀ ಸರ್ವಿಸ್‌ಗೆ 360 ದಿನ, ಮಗುವಿಗೆ 18 ತುಂಬುವವರೆಗೆ. ಅದಕ್ಕೆ ಕಮಾಂಡಿಂಗ್ ಆಫೀಸರ್ ಮಂಜೂರಾತಿ ಬೇಕು, ಕೇಳಿದಾಗೆಲ್ಲ ಸಿಗೋದಿಲ್ಲ. ನನ್ನನ್ನು ಕೇಳಿದರೆ ಈ ಒಂದು ವರ್ಷದ ಗೆರೆಯೇ ಸರಿಯಿಲ್ಲ. ಮುಖ ಗುರುತು ಹಿಡಿಯುವ ವಯಸ್ಸಿನ ಮಗುವಿಗೆ ಹೊಸ ಅಮ್ಮನ ಜೊತೆ ಹೊಂದಿಕೊಳ್ಳೋಕೆ ಇನ್ನೂ ಜಾಸ್ತಿ ಸಮಯ ಬೇಕು. ರಜೆ ಹೋಗುತ್ತೆ ಅಂತ ಮಾತ್ರ ಆ ಮಗುವನ್ನು ಬೇಡ ಅನ್ನಬೇಡಿ ತಂಗಿ.

ಆದೇಶ ಬಂದ ಕೂಡಲೇ ಪಾರ್ಟ್ ಟು ಆರ್ಡರ್ ಮಾಡಿಸಿ, ಅಂದರೆ ಮಗುವಿನ ಹೆಸರನ್ನು ನಿಮ್ಮ ಸರ್ವಿಸ್ ದಾಖಲೆಗೆ ಸೇರಿಸುವ ಘಟಕದ ಆದೇಶ. ಅದಾಗದೆ ದಾಖಲೆಯಲ್ಲಿ ನಿಮಗೆ ಮಗುವೇ ಇಲ್ಲ. ಮಿಲಿಟರಿ ಆಸ್ಪತ್ರೆಯ ಚಿಕಿತ್ಸೆಗೂ, ಮುಂದೆ ಶಾಲೆ ಭತ್ಯೆಗೂ ಅದೇ ಆಧಾರ. ಜಿಲ್ಲಾಧಿಕಾರಿ ಆದೇಶ, ಆಧಾರ್, ಪಾರ್ಟ್ ಟು ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ. ಲತಾ ಅನ್ನೋದರಲ್ಲಿ ಒಂದು ಎಚ್ ಹೆಚ್ಚಾದರೂ ಕಾಗದ ವಾಪಸ್ ಬರುತ್ತೆ.

ಪೋಸ್ಟಿಂಗ್ ಬಗ್ಗೆಯೂ ಕೇಳಿದ್ದಿರಿ. ದತ್ತು ಕೊಡುವ ಮೊದಲು ದತ್ತು ಸಂಸ್ಥೆಯವರು ನಿಮ್ಮ ಮನೆ ನೋಡಿ ಬರೆಯುವ ವರದಿ ಮೂರು ವರ್ಷ ಚಾಲ್ತಿಯಲ್ಲಿರುತ್ತೆ. ಮಧ್ಯೆ ವರ್ಗವಾದರೆ ಹೊಸ ವಿಳಾಸ ತಕ್ಷಣ ತಿಳಿಸಿ. ದತ್ತು ಆದ ಮೇಲೂ ಎರಡು ವರ್ಷ ಅವರು ಮಗುವನ್ನು ನೋಡಲು ಬರುತ್ತಾರೆ. ಆಗ ಊರು ಬಿಟ್ಟರೆ ಅದನ್ನೂ ಹೇಳಬೇಕು.